ಬೈಗುಳವಿಲ್ಲದ ಕಾಫಿ

ಅನಘಾ, ಸುಹಾಸ, ನಿಮ್ಮ ಮಹಡಿ ಅಜ್ಜಿಯ ಪ್ರಾಣ ಉಳಿಸಿದ್ದು ನನ್ನ ಕೆಟ್ಟ ಕಾಫಿ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಾಲ್ಕು ಜನರೆದುರು ಬಾಯಿ ಬಿಡಲು ನಾಚುವವಳು ನಾನು, ಅದಕ್ಕೇ ಬರೆದಿಡುತ್ತಿದ್ದೇನೆ.

ಮಹಡಿ ಅಜ್ಜಿ ಎಂದರೆ ನಿಮ್ಮ ತಾತನ ತಂಗಿ, ನನ್ನ ನಾದಿನಿ. ಬನಶಂಕರಿಯ ಈ ಮನೆಯಲ್ಲಿ ನಾನು ಕೆಳಗೆ, ಅವಳು ಮೇಲೆ. ತಾತ ಹೋದ ಮೇಲೆ, ಬೆಳಗಿನ ಕಾಫಿಯನ್ನು ನಾನೇ ಮೇಲಕ್ಕೆ ಒಯ್ದು ಕೊಡಬೇಕೆಂದು ಅವಳೇ ಕಾನೂನು ಮಾಡಿದಳು. ನನ್ನ ಮಂಡಿಯನ್ನು ಯಾರು ಕೇಳಿದರು? ಉಸ್ಸಪ್ಪಾ ಎಂದು ಹತ್ತಿಹೋದರೆ, ಒಂದು ಗುಟುಕು ಕುಡಿದು ಮುಖ ಹಿಂಡುತ್ತಾಳೆ.

“ಅತ್ತಿಗೆ, ಇದು ಕಾಫಿನಾ, ಲೋಟ ತೊಳೆದ ನೀರಾ?”

“ನೀರಾದ್ರೆ ಬಿಡು, ಕುಡೀಬೇಡ.”

“ಮಾಡಿದ್ದೀರಲ್ಲ, ಪಾಪ!” ಎಂದು ತಳ ಕಾಣುವವರೆಗೆ ಕುಡಿಯುತ್ತಾಳೆ. ಬೈಯುವವಳಿಗೆ ದಣಿವೆಂಬುದಿಲ್ಲ, ದಣಿವೆಲ್ಲ ನನ್ನದು.

ಬೈಯಲು ನಾನೇ ಆಗಬೇಕೆಂದೂ ಇಲ್ಲ. ಒಮ್ಮೆ ಜಯನಗರದ ಛತ್ರದಲ್ಲಿ, ಸಾರಿಗೆ ಹುಳಿ ಸಾಲದೆಂದು ಎಲೆ ಮುಂದಿನಿಂದ ಎದ್ದು ಅಡುಗೆಮನೆಗೇ ನುಗ್ಗಿದಳು. ಹೆಣ್ಣಿನವರು ಇವಳನ್ನು ಗಂಡಿನ ಕಡೆಯವಳೆಂದುಕೊಂಡು ಹೆದರಿದರು, ಗಂಡಿನವರು ಹೆಣ್ಣಿನ ಸೋದರತ್ತೆ ಎಂದುಕೊಂಡರು. ಹೊರಡುವಾಗ ಇಬ್ಬರೂ ತೆಂಗಿನಕಾಯಿ ಚೀಲ ಕೊಟ್ಟರು. ನಮ್ಮನ್ನು ಕರೆದಿದ್ದ ಮದುವೆ ಮೇಲಿನ ಮಹಡಿಯಲ್ಲಿತ್ತು!

ಇಂಥವಳು ಒಂದು ಬೆಳಗ್ಗೆ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡಳು. ಎಡಗೈಯಲ್ಲಿ ಏನನ್ನಾದರೂ ಮುಟ್ಟುವವಳೇ ಅವಳು? ಕುಡಿದಳು. ಸುಮ್ಮನಿದ್ದಳು. ಬಲ ತುಟಿಯಂಚಿನಿಂದ ಕಾಫಿ ಸೋರಿ ಸೆರಗಿನ ಮೇಲೆ ಬಿತ್ತು.

ನಾನು ಕೂಗಿಕೊಂಡಿದ್ದು ಬೀದಿಗೇ ಕೇಳಿಸಿರಬೇಕು. ಪಕ್ಕದ ಬಾಡಿಗೆ ಮನೆಯ ಧಾರವಾಡದ ಹುಡುಗಿ ಓಡಿಬಂದಳು.

“ಗ್ಯಾಸ್ ಆಗಿರಬೇಕ್ರಿ ಆಂಟಿ, ಸೋಡಾ ಕುಡಸೂಣು.”

“ಗ್ಯಾಸ್ ಅಲ್ಲಮ್ಮ! ಅವಳು ಕಾಫಿಗೆ ಬೈದಿಲ್ಲ!”

“ಹಂಗಂದ್ರ?”

“ಆಂಬುಲೆನ್ಸ್ ಕರಿ ಅಂತ!”

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: “ಕೊನೇ ಸಲ ಯಾವಾಗ ಸರಿಯಾಗಿ ಮಾತಾಡಿದ್ರು ಅಮ್ಮ? ಅದು ಗೊತ್ತಾಗ್ಲೇಬೇಕು.”

“ಆರೂವರೆಗೆ, ಬಾಲ್ಕನಿಯಿಂದ. ಹಾಲಿನವನಿಗೆ ಕತ್ತೆ ಅಂದ್ಲು. ಸ್ಪಷ್ಟವಾಗಿ.”

ಅವರು ಗಂಭೀರವಾಗಿ ತಲೆಯಾಡಿಸಿದರು. ಸ್ಕ್ಯಾನ್ ಮಾಡಿ, ಮೆದುಳಿನ ರಕ್ತನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಅಡ್ಡ ಕೂತಿದೆ, ತಡವಾದರೆ ಮಾತು ಹೋಗಬಹುದು, ಜೀವವೂ ಹೋಗಬಹುದು ಎಂದರು. “ತೊಡೆಸಂದಿಯ ನಾಳದೊಳಗೆ ಸಣ್ಣ ಕೊಳವೆ ತೂರಿಸಿ, ತಲೆವರೆಗೂ ಕಳಿಸಿ, ಹೆಪ್ಪನ್ನ ಎಳೆದು ತೆಗೀತೀವಿ.”

ನಮ್ಮೂರಿನ ಬಾವಿಗೆ ಕೊಡ ಬಿದ್ದರೆ, ಹಗ್ಗದ ತುದಿಗೆ ಕೊಕ್ಕೆಗಳ ಗೊಂಚಲು ಕಟ್ಟಿ ಇಳಿಬಿಟ್ಟು ಎತ್ತುತ್ತಿದ್ದರು.

“ಪಾತಾಳಗರಡಿನಾ ಡಾಕ್ಟ್ರೇ?”

“ಅದೇ ಅಮ್ಮ. ಬಾವಿ ಮಾತ್ರ ಮೇಲಿದೆ.”

ಹೊರಗೆ ಬೆಂಚಿನ ಮೇಲೆ ಕೂತೆ. ದೇವರಲ್ಲಿ ಬೇಡಿಕೊಳ್ಳಲು ಬೇರೇನೂ ತೋಚಲಿಲ್ಲ. ಒಂದೇ ಒಂದು ಸಲ ಬೈಯಲಿ ಎಂದೆ.

ಮುಗಿಸಿ ಬಂದ ಡಾಕ್ಟರು ಮೊಬೈಲಿನಲ್ಲಿ ಹೆಪ್ಪಿನ ಫೋಟೋ ತೋರಿಸಿದರು. ಅಕ್ಕಿಕಾಳಿನಷ್ಟಿತ್ತು. ಇಷ್ಟು ಸಣ್ಣದು ಅಷ್ಟು ದೊಡ್ಡ ಬಾಯಿಯನ್ನು ಮುಚ್ಚಿಸಿತ್ತಲ್ಲ!

ಬಲಗೈ ಬೇಗ ಅಲುಗಾಡಿತು. ಮಾತು ಮಾತ್ರ ಬರಲಿಲ್ಲ. ನುಂಗಬಹುದೆಂದು ನರ್ಸ್ ಒಪ್ಪಿದ ದಿನ ಫ್ಲಾಸ್ಕಿನಲ್ಲಿ ಕಾಫಿ ಒಯ್ದೆ. ಒಂದು ಚಮಚ ಬಾಯಿಗೆ ಹಾಕಿದೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದಳು.

“ನೀ… ರು.”

“ನೀರಾದ್ರೆ ಬಿಡು, ಕುಡೀಬೇಡ!” ಎಂದೆ. ಕಣ್ಣೀರು ಯಾವಾಗ ಬಂತೋ ತಿಳಿಯಲಿಲ್ಲ.

ಸೊಟ್ಟಗೆ ನಕ್ಕಳು. ಒಂದೊಂದೇ ಮಾತನ್ನು ಹುಡುಕಿ ತಂದು ಹೇಳಿದಳು: “ಅಣ್ಣ ಹೋದ್ಮೇಲೆ… ನೀವು ಮಾತೇ ಬಿಟ್ಟಿದ್ರಿ, ಅತ್ತಿಗೆ. ಬೈದ್ರೆ… ಬಾಯಿ ಬಿಡ್ತಿದ್ರಿ.”

ಅಷ್ಟು ವರ್ಷ ನಾನು ಮೆಟ್ಟಿಲು ಹತ್ತಿದ್ದು ಅವಳಿಗೆ ಕಾಫಿ ಕೊಡಲು ಎಂದುಕೊಂಡಿದ್ದೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಮಹಡಿ ಅಜ್ಜಿಯ ಕೈಗೆ ಮಾತ್ರ ಕೊಡಬೇಡಿ. ಓದಿ, ಮನಸ್ಸು ಕರಗಿ, ಎಲ್ಲಾದರೂ ನನ್ನ ಕಾಫಿಯನ್ನು ಹೊಗಳಿಬಿಟ್ಟರೆ, ನಾನು ಮತ್ತೆ ಆಂಬುಲೆನ್ಸ್ ಕರೆಯಬೇಕಾಗುತ್ತದೆ.