ಕಾಫಿ ಚೀಲದಲ್ಲಿ ಬಂದ ಚೀನಾ, ಜಪಾನ್, ಕೊರಿಯಾ

ಪುಸ್ತಕ ಓದಿದರೆ ಬುದ್ಧಿ ಬರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಬುದ್ಧಿ ಬರುತ್ತದೋ ಇಲ್ಲವೋ, ನಮ್ಮೂರಲ್ಲಿ ಯಾರಾದರೂ ಪುಸ್ತಕ ಓದಿದರು ಅಂದರೆ ಒಂದು ಎಡವಟ್ಟಂತೂ ಗ್ಯಾರಂಟಿ. ಇಲ್ಲಿನ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು ನಾನು. ಹಾಗಾಗಿ ಎಲ್ಲ ಎಡವಟ್ಟೂ ಸುತ್ತಿ ಬಳಸಿ ನನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ.

ನಮ್ಮೂರು ಗೋಣಿಬೀಡಿನಿಂದ ಸ್ವಲ್ಪ ಒಳಗೆ. ಸುತ್ತ ಕಾಫಿ ತೋಟ, ನಡುವೆ ಬಸ್‌ಸ್ಟಾಪು, ಅದರ ಪಕ್ಕ ಒಂದೇ ಕೋಣೆಯ ಲೈಬ್ರರಿ. ಜನ ಬರುತ್ತಿದ್ದದ್ದು ಪೇಪರ್ ನೋಡೋಕೆ, ಇಲ್ಲವೇ ಮಳೆ ಬಂದಾಗ ನಿಲ್ಲೋಕೆ. ಪುಸ್ತಕ ಮುಟ್ಟುವವರು ಯಾರೂ ಇರಲಿಲ್ಲ. ಪಂಚಾಯ್ತಿ ಅಧ್ಯಕ್ಷರು ನೋಡುವಷ್ಟು ನೋಡಿದರು. ಕೊನೆಗೆ, ಓದುವವರೇ ಇಲ್ಲದ ಮೇಲೆ ಈ ಕೋಣೆ ಯಾಕೆ, ಬೀದಿದೀಪ, ಬ್ಲೀಚಿಂಗ್ ಪೌಡರ್ ಇಡೋಕೆ ಬೇಕು, ಖಾಲಿ ಮಾಡಿ ಅಂದರು. ಕೆಲಸ ಹೋಗುತ್ತದೆ ಅನ್ನುವ ಸಂಕಟ ಒಂದು ಕಡೆ. ಗೆದ್ದಲಿನಿಂದ ಕಾಪಾಡಿ, ಬಿಸಿಲಿಗೆ ಹಾಕಿ ಸಾಕಿದ ನನ್ನ ಪುಸ್ತಕಗಳ ಜಾಗದಲ್ಲಿ ಬ್ಲೀಚಿಂಗ್ ಪೌಡರ್ ಬಂದು ಕೂರುತ್ತದಲ್ಲ, ಆ ಸಂಕಟ ಇನ್ನೊಂದು ಕಡೆ.

ಅದೇ ಹೊತ್ತಿಗೆ ಹತ್ತಿರದ ಎಸ್ಟೇಟಿನ ಸಾಹುಕಾರ್ರ ಮನೆಯಲ್ಲಿ ಸುಣ್ಣಬಣ್ಣ ನಡೆಯುತ್ತಿತ್ತು. ಆ ಮನೆಯ ಅಮ್ಮ ಬೇಡದ ಪುಸ್ತಕವನ್ನೆಲ್ಲ ಕಾಫಿ ಚೀಲಕ್ಕೆ ತುಂಬಿಸಿ ಜೀಪಿನಲ್ಲಿ ಕಳಿಸಿದರು. ಬಿಚ್ಚಿ ನೋಡಿದರೆ ಎಲ್ಲ ಚೀನಾ, ಜಪಾನ್, ಕೊರಿಯಾದ ಕಾದಂಬರಿ, ಅಜ್ಜಿಕಥೆ, ಪುರಾಣ. ಕನ್ನಡಕ್ಕೆ ತಂದವು, ಆದರೂ ಇವನ್ನು ಇಲ್ಲಿ ಯಾರು ಓದುತ್ತಾರೆ ಮಾರಾಯ್ರೆ ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಅಷ್ಟರಲ್ಲಿ ಎದುರಿನ ಹೋಟೆಲ್ ಅಮ್ಮ ಬಂದು, ಮಧ್ಯಾಹ್ನ ಗಿರಾಕಿ ಇಲ್ಲ, ಹೊತ್ತು ಹೋಗಲ್ಲ ಅಂತ ಇದ್ದುದರಲ್ಲೇ ದಪ್ಪದ್ದೊಂದನ್ನು ಎತ್ತಿಕೊಂಡು ಹೋದರು. ಅಲ್ಲಿಂದ ಶುರುವಾಯಿತು.

ವಸ್ತಾರೆಯ ಅತ್ತೆ

ಅದು ಚೀನಾದ ಒಂದು ದೊಡ್ಡ ಮನೆತನದ ಕಾದಂಬರಿ. ಹೋಟೆಲ್ ಅಮ್ಮನಿಗೆ ಕಥೆ ಹಿಡಿಸಿತು, ಹೆಸರುಗಳು ಮಾತ್ರ ಬಾಯಿಗೆ ಹತ್ತಲಿಲ್ಲ. ಅವರೇನು ಕಡಿಮೆಯೇ? ಎಲ್ಲರಿಗೂ ನಮ್ಮ ಕಡೆಯ ಊರು, ಹೆಸರು ಕೊಟ್ಟುಬಿಟ್ಟರು. ಕಥೆಯಲ್ಲಿನ ಗಯ್ಯಾಳಿ ಅತ್ತೆ 'ವಸ್ತಾರೆ ದೊಡ್ಡಮ್ಮ' ಆದಳು, ಸಣ್ಣ ಸೊಸೆ 'ಪುಟ್ಟಿ' ಆದಳು.

ಒಂದು ದಿನ ಮೂಡಿಗೆರೆ ಬಸ್ಸಿನಲ್ಲಿ ತಂಗಿಗೆ ಕಥೆ ಹೇಳುತ್ತಾ ಹೊರಟರು. ವಸ್ತಾರೆ ದೊಡ್ಡಮ್ಮ ತುಂಬು ಬಸುರಿ ಪುಟ್ಟಿಯನ್ನು ಸೌದೆ ಕೊಟ್ಟಿಗೆಯಲ್ಲಿ ಮಲಗಿಸಿದಳು, ಗಂಡ ಅನ್ನಿಸಿಕೊಂಡವನು ಚಂದ್ರನನ್ನು ನೋಡಿಕೊಂಡು ಪದ್ಯ ಬರೆಯುತ್ತಾ ಕೂತಿದ್ದಾನೆ, ಹೀಗೆ. ಇಡೀ ಬಸ್ಸು ಉಸಿರು ಹಿಡಿದು ಕೇಳಿತು. ಮುಂದಿನ ಸೀಟಿನಲ್ಲಿದ್ದ ಸ್ತ್ರೀಶಕ್ತಿ ಸಂಘದವರು ಕಣ್ಣೊರೆಸಿಕೊಂಡು, ಆಮೇಲೇನಾಯಿತು ಅಂತ ಕೇಳಿದರು. ನನಗೂ ಗೊತ್ತಿಲ್ಲ, ನಾಳೆ ಗೊತ್ತಾಗಬೇಕು ಅಂತ ಹೋಟೆಲ್ ಅಮ್ಮ ಇಳಿದುಹೋದರು.

ಸಂಘದವರು ನಾಳೆಯವರೆಗೆ ಕಾಯುತ್ತಾರೆಯೇ! ಒಂದು ಜೀಪು ಮಾಡಿಕೊಂಡು, ಬಸುರಿಗೆ ಅಂತ ಬಳೆ, ಸೀರೆ, ಕೋಡುಬಳೆ ಹಿಡಿದುಕೊಂಡು ವಸ್ತಾರೆಗೇ ಹೋಗಿದ್ದಾರೆ. ಮೊದಲು ಸಿಕ್ಕಿದ ಮನೆಯಲ್ಲಿ, ಸೊಸೆಯನ್ನು ಹೊರಗೆ ಮಲಗಿಸಿದ್ದು ನೀವೇನಾ ಅಂತ ಕೇಳಿದರೆ, ಆ ಮನೆಯ ಅತ್ತೆ ಮುಖ ಕೆಂಪು ಮಾಡಿಕೊಂಡು ನಿಮಗೆ ಯಾರು ಹೇಳಿದ್ದು ಅಂತ ಜಗಳಕ್ಕೇ ಬಂದಳಂತೆ. ಪಕ್ಕದ ಮನೆಯಲ್ಲಿ ಕೇಳಿದರೆ ಅಲ್ಲೂ ಅದೇ ಪ್ರಶ್ನೆ. ಅದರಾಚೆಯ ಮನೆಯವಳಂತೂ ಇವರು ಬಾಯಿ ತೆರೆಯುವ ಮೊದಲೇ, ನನ್ನ ಸೊಸೆಯೇ ತಾನೇ ದೂರು ಹೇಳಿದ್ದು ಅಂದಳಂತೆ.

ವಾಪಸು ಬಂದವರು ಹೋಟೆಲ್ ಅಮ್ಮನ ಮೇಲೆ ಹಾರಾಡಿದರು. ಅಮ್ಮ ತಣ್ಣಗೆ ಪುಸ್ತಕ ತೋರಿಸಿದರು. ಪುಟ್ಟಿಗೆ ಕೊನೆಗೆ ಏನಾಯಿತು ಅಂತ ತಿಳಿಯದೆ ಇವರಿಗೆ ಊಟ ಸೇರುವ ಹಾಗಿರಲಿಲ್ಲ. ಸಂಘ ಇಡಿಯಾಗಿ ಬಂದು ನನ್ನ ಲೈಬ್ರರಿಗೆ ಮೆಂಬರ್ ಆಯಿತು. ಚೀನಾದ ಆ ಅತ್ತೆಗೆ ವಸ್ತಾರೆಯಲ್ಲಿ ಇಷ್ಟು ಜನ ಅಕ್ಕತಂಗಿಯರಿದ್ದಾರೆ ಅನ್ನುವುದು ಪುಸ್ತಕ ಬರೆದವರಿಗೂ ಗೊತ್ತಿರಲಿಕ್ಕಿಲ್ಲ.

ಗೋಡೆ ನೋಡಿದ ಗಂಡು

ಗೊಬ್ಬರದ ಅಂಗಡಿಯವನಿಗೆ ಮದುವೆ ವಯಸ್ಸು. ಪುಸ್ತಕದ ಗಾಳಿ ಅವನಿಗೂ ಬಡಿದು, ಕೊರಿಯಾದ ಕಾದಂಬರಿಯೊಂದನ್ನು ಓದಿದ. ಅಲ್ಲಿ ಹಿರಿಯರ ಎದುರು ಕುಡಿಯುವಾಗ ಕಿರಿಯರು ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳಬೇಕಂತೆ, ಅದು ಮರ್ಯಾದೆಯಂತೆ. ಅವರು ಕುಡಿಯುತ್ತಿದ್ದದ್ದು ಹೆಂಡ. ಇವನು, ಏನಾದರೇನು, ಮರ್ಯಾದೆ ಮರ್ಯಾದೆಯೇ ಅಂದುಕೊಂಡ.

ಕಳಸದ ಕಡೆ ಹೆಣ್ಣು ನೋಡೋಕೆ ಹೋದ. ಹುಡುಗಿಯ ಅಪ್ಪ ಸಣ್ಣ ಬೆಳೆಗಾರರು. ಸ್ವಂತ ತೋಟದ ಬೀಜ ತಾವೇ ಹುರಿದು, ಪುಡಿ ಮಾಡಿ, ಬಂದವರು ಮೊದಲ ಗುಟುಕು ಕುಡಿಯುವಾಗ ಅವರ ಮುಖ ನೋಡುವುದೇ ಅವರಿಗೊಂದು ಸುಖ. ಕಾಫಿ ಬಂತು. ಇವನು ಲೋಟ ಎತ್ತಿದವನು ಸರಕ್ಕನೆ ಆಚೆ ತಿರುಗಿ ಕುಡಿದ. ಅಪ್ಪನ ಮುಖ ಸಣ್ಣದಾಯಿತು. ಹಾಲು ಒಡೆದಿರಬೇಕು ಅಂತ ಬೇರೆ ಕಾಫಿ ತರಿಸಿದರು. ಮತ್ತೊಮ್ಮೆ ಕೊಡುತ್ತಿದ್ದಾರೆ ಅಂದರೆ ಮರ್ಯಾದೆಯೂ ಹೆಚ್ಚಾಗಬೇಕಲ್ಲ ಅಂತ ಇವನು ಕುರ್ಚಿ ಸಮೇತ ತಿರುಗಿದ. ಆಮೇಲೆ ಅಪ್ಪ ಎದ್ದು ಹೋಗಿ ಹೊಸದಾಗಿ ಹುರಿದ ಪುಡಿಯಲ್ಲಿ ತಾವೇ ಡಿಕಾಕ್ಷನ್ ಇಳಿಸಿ ತಂದರು. ಇವನು ಎದ್ದು ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ನಿಂತು ಕುಡಿದ.

"ಹುಡುಗಿ ಇಷ್ಟ ಆಗ್ಲಿಲ್ಲ ಅಂದ್ರೆ ಹೇಳಿ, ಬೇಜಾರಿಲ್ಲ," ಅಂದರಂತೆ ಅಪ್ಪ. "ನನ್ನ ಕಾಫಿಗೆ ಹೀಗೆ ಮಾಡ್ಬೇಡಿ."

ಇವನು ಗಾಬರಿಯಾಗಿ ಕೊರಿಯಾದ ಕಥೆಯೆಲ್ಲ ಹೇಳಿದ. ಒಳಗಿಂದ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗುವಿಗೇ ಮದುವೆ ನಿಶ್ಚಯವಾಯಿತು. ಮಾವನಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ. ಅಳಿಯ ಹೋದಾಗಲೆಲ್ಲ ಅವನು ಯಾವ ಕಡೆ ತಿರುಗುತ್ತಾನೆ ಅಂತ ನೋಡಿ, ಆ ಕಡೆಗೇ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ.

ಹಾಜರಿಯಲ್ಲಿ ಇಲ್ಲದವರು

ಮಳೆಗಾಲದಲ್ಲಿ ತೋಟದ ಕೆಲಸದ ಹೆಂಗಸರು ಟೀ ಕುಡಿಯೋಕೆ ಹೋಟೆಲಿಗೆ ಬರುತ್ತಾರೆ. ಹೋಟೆಲ್ ಅಮ್ಮ ಅವರಿಗೆ ಜಪಾನಿನ ಕಥೆಯೊಂದನ್ನು ಓದಿ ಹೇಳಿದರು. ಒಬ್ಬ ಬಡ ಮುದುಕ ಟೋಪಿ ಮಾರೋಕೆ ಹೋಗುತ್ತಾನೆ, ಒಂದೂ ಮಾರಾಟವಾಗುವುದಿಲ್ಲ. ವಾಪಸು ಬರುವಾಗ ದಾರಿ ಬದಿಯ ಕಲ್ಲುದೇವರುಗಳ ತಲೆ ಮೇಲೆ ಹಿಮ ಬೀಳುತ್ತಿರುತ್ತದೆ. ಅಯ್ಯೋ ಪಾಪ ಅಂತ ಟೋಪಿಯೆಲ್ಲ ಅವಕ್ಕೇ ತೊಡಿಸುತ್ತಾನೆ. ಆಮೇಲೆ ಆ ದೇವರುಗಳು ಅವನ ಮನೆ ಬಾಗಿಲಿಗೇ ಅಕ್ಕಿಮೂಟೆ ಹೊತ್ತು ತರುತ್ತವೆ.

ಹೆಂಗಸರು ಟೀ ಮುಗಿಸಿ ಎದ್ದು ಹೋದರು. ತೋಟದ ಅಂಚಿನಲ್ಲಿ ಚೌಡಿ ಮತ್ತವಳ ಪರಿವಾರದ ಕಲ್ಲುಗಳಿವೆ. ನಮ್ಮ ಚೌಡಿ ಹುಟ್ಟಿದಾಗಿಂದ ನೆನೆಯುತ್ತಿದ್ದಾಳೆ, ನಮಗೆ ಹೊಳೆಯಲೇ ಇಲ್ಲವಲ್ಲ ಅಂತ ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ಗೊಬ್ಬರದ ಚೀಲ ಮಡಚಿ, ತಾವು ಮಳೆಗೆ ಹಾಕಿಕೊಳ್ಳುವಂಥದ್ದೇ ಕೊಪ್ಪೆ ಮಾಡಿ ಎಲ್ಲ ಕಲ್ಲಿಗೂ ಹೊದೆಸಿಬಿಟ್ಟರು.

ಮರುದಿನ ಬೆಳಿಗ್ಗೆ ಮಂಜಿನಲ್ಲಿ ಎಸ್ಟೇಟ್ ರೈಟರು ಜೀಪಿನಲ್ಲಿ ಬಂದರು. ರೈಟರು ಅಂದರೆ ತೋಟದ ಲೆಕ್ಕ, ಕೆಲಸ ಎಲ್ಲ ನೋಡುವವರು. ನೋಡಿದರೆ ಸಾಲಾಗಿ ಕೊಪ್ಪೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ! ಕೂಗಿದರು, ಯಾರೂ ಏಳಲಿಲ್ಲ. ಹಾರನ್ ಹೊಡೆದರು, ತಿರುಗಿಯೂ ನೋಡಲಿಲ್ಲ. ಇಷ್ಟು ಕೊಬ್ಬೇ, ಎಲ್ಲರಿಗೂ ಅರ್ಧ ದಿನದ ಸಂಬಳ ಕಟ್ ಅಂತ ಬೈದುಕೊಂಡು ಇಳಿದು, ಮುಂದಿದ್ದವರ ಕೊಪ್ಪೆ ಕಿತ್ತೆಳೆದರೆ, ಕುಂಕುಮ ಮೆತ್ತಿದ ಚೌಡಿ ಬೆಳ್ಳಿಗಣ್ಣು ಬಿಟ್ಟು ನೋಡುತ್ತಿದ್ದಾಳೆ. ರೈಟರು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು.

ಹಿಂದೆ ನಿಂತಿದ್ದ ಮೇಸ್ತ್ರಿ ಮೆಲ್ಲಗೆ ಹೇಳಿದನಂತೆ, "ಇವ್ರು ಯಾರೂ ನಮ್ಮ ಹಾಜರೀಲಿ ಇಲ್ಲ ಸಾರ್."

ಒಲೆ ದೇವರು

ರೈಟರು ಚೌಡಿಗೆ ಕೋಳಿ ಕೊಟ್ಟು ತಪ್ಪು ಒಪ್ಪಿಕೊಂಡರು, ಸಿಟ್ಟು ಮಾತ್ರ ಲೈಬ್ರರಿ ಮೇಲೆ ತೀರಿಸಿಕೊಂಡರು. ಹೊರದೇಶದ ಪುಸ್ತಕ ಓದಿ ಜನರ ತಲೆ ಕೆಡುತ್ತಿದೆ ಅಂತ ಪಂಚಾಯ್ತಿಗೆ ದೂರು ಕೊಟ್ಟರು. ಅಧ್ಯಕ್ಷರಿಗೆ ಅಷ್ಟೇ ಸಾಕಾಗಿತ್ತು. ಮೊದಲು ಓದುವವರಿಲ್ಲ ಅಂತ ಮುಚ್ಚಬೇಕಿತ್ತು, ಈಗ ಓದುತ್ತಾರೆ ಅಂತ ಮುಚ್ಚಬೇಕು! ಜಿಲ್ಲೆಯಿಂದ ಒಬ್ಬ ಸಾಹೇಬರು ವಿಚಾರಣೆಗೆ ಬರುತ್ತಾರೆ, ಅವರು ಮೇಲಿನವರಿಗೆ ಏನು ಬರೆಯುತ್ತಾರೋ ಅದೇ ಕೊನೆ ಅಂತಾಯಿತು. ಕಪಾಟಿನ ಮುಂದೆ ನಿಂತರೆ ಅಳುವೇ ಬರುತ್ತಿತ್ತು.

ಸಾಹೇಬರು ಬಂದ ದಿನ ಹೋಟೆಲ್ ಅಮ್ಮನಿಗೆ ನಾನು ಹೇಳಿದ್ದು ಕಾಫಿ ಮಾತ್ರ. ಅವರು ಜೊತೆಗೆ ಬಾಳೆಲೆಯಲ್ಲಿ ಹಲಸಿನ ಹಣ್ಣಿನ ಹಲ್ವ ತಂದರು. ಬೆಲ್ಲ ಹಾಕಿ ಕಾಯಿಸಿ ಕಾಯಿಸಿ ಟಾರಿನ ಹಾಗೆ ಮಾಡಿದ್ದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು, ನೋಡೀಮ್ಮ, ದೂರು ಬಂದಿದೆ ಅಂತ ಶುರು ಮಾಡಿ, ದೊಡ್ಡದೊಂದು ಉಂಡೆ ಬಾಯಿಗಿಟ್ಟರು. ಮಾತು ಅಲ್ಲಿಗೇ ನಿಂತಿತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಬೆಸುಗೆ ಬಿದ್ದಿತ್ತು. ಪಾಪ, ಕೈಯಾಡಿಸಿದರು. ಮುಚ್ಚಿ ಅಂತಿದ್ದಾರೆ ಅಂತ ಅಧ್ಯಕ್ಷರು, ಬೇಡ ಅಂತಿದ್ದಾರೆ ಅಂತ ಸಂಘದ ಹೆಂಗಸರು. ಅವರ ಜಗಳ ಜೋರಾಗುತ್ತಾ ಹೋಯಿತು, ಸಾಹೇಬರ ಕಣ್ಣಲ್ಲಿ ನೀರು ಬಂತು. ಬಿಸಿ ಕಾಫಿ ಮೇಲೆ ಬಿಸಿ ಕಾಫಿ ಕುಡಿದ ಮೇಲೆ ಬಾಯಿ ಸ್ವಲ್ಪ ಬಿಟ್ಟಿತು.

ಇಷ್ಟು ಅಂಟು ಯಾಕಮ್ಮ ಅಂತ ಕೇಳಿದರು. ಹೋಟೆಲ್ ಅಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಸುಮ್ಮನಿರಿ ಅಂತ ನಾನು ಕಣ್ಸನ್ನೆ ಮಾಡಿದ್ದು ಅವರಿಗೆ ಕಾಣಿಸಲೂ ಇಲ್ಲ.

"ಚೀನಾದವ್ರ ಅಡುಗೆಮನೇಲಿ ಒಬ್ಬ ಒಲೆ ದೇವ್ರು ಇರ್ತಾನೆ ಸಾರ್," ಅಂದರು. "ವರ್ಷಕ್ಕೊಂದ್ಸಲ ಮೇಲೆ ಹೋಗಿ ದೊಡ್ಡ ದೇವ್ರ ಹತ್ರ ಮನೆಯವ್ರ ಮೇಲೆ ಚಾಡಿ ಹೇಳ್ತಾನೆ. ಅದಕ್ಕೆ ಹೊರಡೋ ಮೊದ್ಲು ಅವನ ಬಾಯಿಗೆ ಅಂಟಂಟು ಸಿಹಿ ಮೆತ್ತಿ ಕಳಿಸ್ತಾರೆ. ನೀವೂ ಮೇಲೆ ಬರೀತೀರಲ್ಲ, ಅದಕ್ಕೇ."

ಅಧ್ಯಕ್ಷರ ಮುಖ ಅರಳಿತು. ನನಗಂತೂ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಆಯಿತು, ನನ್ನ ಲೈಬ್ರರಿ ಕಥೆ ಮುಗಿಯಿತು ಅಂದುಕೊಂಡೆ.

ಸಾಹೇಬರು ಆ ಪುಸ್ತಕ ಎಲ್ಲಿದೆ ಕೊಡಿ ಅಂದರು. ಕಪಾಟಿನಿಂದ ತೆಗೆದು ಕೊಟ್ಟೆ. ನಿಂತುಕೊಂಡೇ ಆ ಕಥೆ ಪೂರ್ತಿ ಓದಿದರು. ಓದುತ್ತಾ ಓದುತ್ತಾ ಒಂದು ಕೈ ಬಾಳೆಲೆಯ ಕಡೆ ಹೋಯಿತು, ಈ ಸಲ ಸಣ್ಣ ಚೂರೇ ಮುರಿದು ಬಾಯಿಗಿಟ್ಟರು. ಮುಗಿಸಿದ ಮೇಲೆ ಅಧ್ಯಕ್ಷರಿಗೆ, ಬ್ಲೀಚಿಂಗ್ ಪೌಡರ್ ಇಡೋಕೆ ಬೇರೆ ಜಾಗ ನೋಡಿಕೊಳ್ಳಿ, ಲೈಬ್ರರಿ ಇಲ್ಲೇ ಇರುತ್ತೆ ಅಂದರು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಉಳಿದ ಹಲ್ವ ಕಟ್ಟಿಸಿಕೊಂಡು ಜೀಪು ಹತ್ತಿದರು. ಹತ್ತಿದವರು ತಲೆ ಹೊರಗೆ ಹಾಕಿ ಹೋಟೆಲ್ ಅಮ್ಮನನ್ನು ಕರೆದರು.

"ಆ ದೇವರದ್ದು ವರ್ಷಕ್ಕೊಂದ್ಸಲ ಅಲ್ವೇನಮ್ಮ?" ಅಂದರು. "ನಮ್ಮದು ಮೂರು ತಿಂಗಳಿಗೊಂದು ರಿಪೋರ್ಟು."