ಸರಕಾರಿ ಕಾರಿನ ಒಳಗೆ ಸಾಗವಾನಿ ಕಂಡುಬಂದ ಬಗ್ಗೆ

ಉಪವಿಭಾಗ ಕಚೇರಿ, ಧಾರವಾಡ
ಸಂಖ್ಯೆ: ಕಾ/ಅಂಟು/೧೭/೬೩-೬೪
ದಿನಾಂಕ: ೨೨ ಜುಲೈ ೧೯೬೩

ವಿಷಯ: ಅಲಂಕಾರದ ಪಟ್ಟಿ ಅಂಟಿಸಿದ್ದರಿಂದ ಕಚೇರಿಯ ಕಾರು ಮೇಜಾಗಿರುವ ಕುರಿತು.

ಉಲ್ಲೇಖ: ೧) ಸ್ಟೋರ್‌ಕೀಪರ್ ಶಾಂತಯ್ಯನವರ ವರದಿ. ೨) ಚಾಲಕ ಉಡಚಪ್ಪನ ಮೌಖಿಕ ಹೇಳಿಕೆ, ನಿಂತಲ್ಲೇ ಬರೆದುಕೊಂಡದ್ದು.

೧. ಈ ಕಚೇರಿಯ ಕಾರು ಚಾಲಕ ಉಡಚಪ್ಪನಿಗೆ ಕಾಯಂ ನೌಕರಿ ಇರಲಿಲ್ಲ. ಆರು ವರ್ಷ ಹಂಗಾಮಿಯಾಗಿಯೇ ಕಾರು ನಡೆಸಿದ್ದಾನೆ. ತಪಾಸಣೆಗೆ ಬರುವ ಹಿರಿಯ ಸಾಹೇಬರು ಕಾರಿನ ಅಂದ ನೋಡಿಯಾದರೂ ಕಾಯಂ ಮಾಡುವ ಕಾಗದಕ್ಕೆ ಒಂದು ಸಹಿ ಹಾಕಿಯಾರು ಎಂದು ಸದರಿಯವನಿಗೆ ಅನಿಸಿತೆಂದು ತಿಳಿದುಬಂದಿದೆ. ಹೀಗೆ ಅನಿಸುವುದಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ.

೨. ಅದರಂತೆ ಹುಬ್ಬಳ್ಳಿಯ ದುರ್ಗದಬೈಲಿನಿಂದ ಮರದ ಗೆರೆ ಅಚ್ಚಾದ ಕಾಗದ ತಂದು, ಸ್ಟೇರಿಂಗಿನ ಮುಂದಿನ ತಗಡಿಗೂ ಬಾಗಿಲುಗಳ ಒಳಬದಿಗೂ ಮೈದಾ ಅಂಟಿನಿಂದ ಅಂಟಿಸಿ, ಮೇಲೆ ವಾರ್ನಿಶ್ ಬಳಿದಿದ್ದಾನೆ. ಮೈದಾ ಕುದಿಸಿಕೊಟ್ಟ ಹೆಂಡತಿ ಫಕೀರವ್ವ, "ಮನಿ ಗ್ವಾಡಿಗೆ ಸುಣ್ಣಿಲ್ಲ, ಸರಕಾರಿ ಗಾಡಿಗೆ ಸಿಂಗಾರ ಮಾಡಾಕ ಹೊಂಟಾನ ನೋಡ್ರವಾ!" ಎಂದು ಓಣಿಗೆಲ್ಲ ಕೇಳುವಂತೆ ನುಡಿದಿದ್ದಾಳೆ. ಸದರಿ ಹೇಳಿಕೆ ಗೋಡೆಗೆ ಸಂಬಂಧಿಸಿದ್ದಾದ್ದರಿಂದ ಗೋಡೆಯ ಕಡತಕ್ಕೆ ಕಳಿಸಲಾಗಿದೆ.

೩. ಶಾಂತಯ್ಯನವರು ಕಾರನ್ನು ಬೆರಳಿನಿಂದ ಬಡಿದು ನೋಡಿ, ಒಳಗಿರುವುದು ಒಂದನೆಯ ದರ್ಜೆಯ ಸಾಗವಾನಿ ಎಂದು ವರದಿ ಮಾಡಿದ್ದಾರೆ. "ಕಾಗದ ಐತ್ರೀ ಯಪ್ಪಾ, ಉಗುರ್ಲೆ ಕೆರದ ನೋಡ್ರಿ" ಎಂದು ಉಡಚಪ್ಪನು ಹೇಳಿಕೊಂಡಿದ್ದಾನೆ. "ದಾಂಡೇಲಿ ಕಟ್ಟಿಗಿ ಡಿಪೋದಾಗ ಹನ್ನೊಂದ ವರ್ಷ ಕಳದೇನಿ. ಸಾಗವಾನಿ ಯಾವ್ದು, ಕಾಗದ ಯಾವ್ದು ನೀ ನನಗ ಕಲಿಸ್ತೀ ಏನಲೇ?" ಎಂದು ಶಾಂತಯ್ಯನವರು ಉತ್ತರಿಸಿದ್ದಾರೆ. ಸರಕಾರಿ ಸಾಗವಾನಿಯನ್ನು ಕೆರೆಯುವುದು ಅಪರಾಧವಾದ್ದರಿಂದ ಕೆರೆದು ನೋಡಲಾಗಿಲ್ಲ.

೪. ಸಾಗವಾನಿಯುಳ್ಳ ವಸ್ತು ಪೀಠೋಪಕರಣ. ಆದಕಾರಣ ಕಾರನ್ನು ವಾಹನಗಳ ವಹಿಯಿಂದ ಹೊಡೆದುಹಾಕಿ, ಮೇಜುಗಳ ವಹಿಯಲ್ಲಿ ೪೧ನೆಯದಾಗಿ ದಾಖಲಿಸಲಾಗಿದೆ. ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

(ಅ) ಮೇಜು ಆವರಣ ಬಿಟ್ಟು ಹೊರಹೋಗತಕ್ಕದ್ದಲ್ಲ. ಉಣಕಲ್ ಕಡೆ ಕೆಲಸವಿರುವ ಅಧಿಕಾರಿಗಳು ಬಸ್ಸಿಗೆ ಹೋಗತಕ್ಕದ್ದು.

(ಆ) ಪೆಟ್ರೋಲು ರದ್ದು. ತಿಂಗಳಿಗೊಮ್ಮೆ ಪಾಲಿಶ್ ಮಂಜೂರು.

(ಇ) ಮೇಜಿನ ಕಾಲುಗಳಿಗೆ ಗಾಳಿ ಹೊಡೆಸತಕ್ಕದ್ದಲ್ಲ. ಡಿಕ್ಕಿಯಲ್ಲಿ ಸಿಕ್ಕ ಐದನೆಯ ಕಾಲು ಯಾವ ಮೇಜಿನದೆಂದು ಮೂರು ದಿನದೊಳಗೆ ಪತ್ತೆಹಚ್ಚತಕ್ಕದ್ದು.

(ಈ) ಹಾರ್ನನ್ನು ಜವಾನರನ್ನು ಕರೆಯುವ ಗಂಟೆಯೆಂದು ತಿಳಿಯತಕ್ಕದ್ದು. ಒಮ್ಮೆ ಒತ್ತಿದರೆ ನೀರು, ಎರಡು ಸಲಕ್ಕೆ ಚಹಾ.

(ಉ) ಮೇಜಿನೊಳಗೆ ಕೂರುವವರು ಬಾಗಿಲು ಹಾಕಿಕೊಳ್ಳುವ ಮೊದಲು ತಾವು ಕಡತವಲ್ಲವೆಂದು ಬರೆದುಕೊಡತಕ್ಕದ್ದು.

೫. ಮೇಜಿಗೆ ಚಾಲಕನ ಹುದ್ದೆ ಇರುವುದಿಲ್ಲ. ಉಡಚಪ್ಪನಿಗೆ ಮೇಜು ಒರೆಸುವ ಕೆಲಸ, ಅದೂ ಹಂಗಾಮಿಯಾಗಿ, ಕೊಡಬಹುದೇ ಎಂದು ಪರಿಶೀಲನೆ ನಡೆದಿತ್ತು. ಅಷ್ಟರಲ್ಲಿ ಅರ್ಜಿ ಕೊಡಲು ಬಂದಿದ್ದ ಹುಬ್ಬಳ್ಳಿಯ ಅರಳೆ ವ್ಯಾಪಾರಿ ಗುರುಸಿದ್ದಯ್ಯನವರು ಮೇಜಿನ ಕಿಟಕಿಯಲ್ಲಿ ಇಣುಕಿ, "ಕಾಗದಾನ ಭಾಳ ಛಲೋ ಅಂಟಿಸಿಯಲ್ಲೋ ತಮ್ಮಾ! ನಮ್ಮ ಗಾಡಿಗೂ ಹಿಂಗ ಮಾಡು ಬಾ. ನಿನ್ನ ಕಾಯಂ ಇಟ್ಕೋತೇನಿ" ಎಂದಿದ್ದಾರೆ. "ಈಗಿಂದೀಗ ಬಂದೆ ರೀ ಅಪ್ಪಾರ" ಎಂದು ಉಡಚಪ್ಪನು ಕೀಲಿಯನ್ನು ಅಲ್ಲೇ ಇಟ್ಟು ಅವರ ಹಿಂದೆ ಹೊರಟುಹೋಗಿದ್ದಾನೆ. ಅದು ಕಾಗದವೆಂದು ಒಂದೇ ನೋಟಕ್ಕೆ ತಿಳಿದದ್ದು ಹೇಗೆಂದು ಸದರಿ ವ್ಯಾಪಾರಿಗೆ ಕಾರಣ ಕೇಳುವ ನೋಟೀಸು ನೀಡಲಾಗಿದೆ.

೬. ಈ ಸುತ್ತೋಲೆ ಬೆರಳಚ್ಚಾಗುತ್ತಿದ್ದಾಗ ಮಳೆ ಬಂದು, ಮೇಜಿನ ತೆರೆದ ಕಿಟಕಿಯಿಂದ ನೀರು ಒಳಹೊಕ್ಕು, ಸಾಗವಾನಿ ಪೂರ್ತಿ ಕಳಚಿ ಬಿದ್ದಿದೆ. ಆದ್ದರಿಂದ ಅದು ಇನ್ನು ಮೇಜಲ್ಲ. ಒಮ್ಮೆ ಹೊಡೆದುಹಾಕಿದ್ದನ್ನು ವಹಿಯಲ್ಲಿ ಮತ್ತೆ ಬರೆಯಲು ಅವಕಾಶವಿಲ್ಲದ್ದರಿಂದ ಕಾರೂ ಅಲ್ಲ. ಮುಂದಿನ ಆದೇಶದವರೆಗೆ ಸಿಬ್ಬಂದಿ ಅದರತ್ತ ನೋಡದೆ ಓಡಾಡತಕ್ಕದ್ದು.

(ಸಹಿ)
ಕಚೇರಿ ಮುಖ್ಯಸ್ಥರ ಪರವಾಗಿ
(ಮುಖ್ಯಸ್ಥರು ಬಸ್ಸಿಗಾಗಿ ಕಾಯುತ್ತಿರುವುದರಿಂದ)

ಪ್ರತಿಗಳು:
೧. ಶಾಂತಯ್ಯನವರಿಗೆ, ಬಡಿದು ನೋಡಿದ ಬೆರಳನ್ನು ಹಾಜರುಪಡಿಸುವ ಸಲುವಾಗಿ.
೨. ಜವಾನರಿಗೆ, ಚಹಾ ನಿಲ್ಲಿಸುವ ಸಲುವಾಗಿ.
೩. ದಾಸ್ತಾನು ವಹಿಗೆ, ನಷ್ಟದ ನಮೂದಿಗಾಗಿ: ಮೇಜು ಒಂದು, ಕಾರು ಒಂದು, ಚಾಲಕ ಒಬ್ಬ.