ಸಾಬಣ್ಣನ ಹೊಟ್ಟೆಯ ಗೇಜು

ಇದು ನಡೆದ ಮಾತು. ಬೇಕಾದರೆ ರಜಿಸ್ಟರು ತೋರಿಸಬಹುದು. ಶಹಾಪುರದ ಕಾಲುವೆ ಕಚೇರಿಯಲ್ಲಿ ಸಾಬಣ್ಣನ ಕೆಲಸ ದಿನಾ ಗೇಜಿನ ಪಟ್ಟಿಯಲ್ಲಿ ನೀರಿನ ಮಟ್ಟ ನೋಡಿ ಬರೆಯುವುದು. ಅದೇ ಪುಟದ ಅಂಚಿನಲ್ಲಿ ನಾಲ್ಕು ವರ್ಷದಿಂದ ತನ್ನ ಹೊಟ್ಟೆಹುಣ್ಣಿನ ಉರಿಯನ್ನೂ ಫೂಟಿನ ಲೆಕ್ಕದಲ್ಲಿ ಬರೆಯುತ್ತಿದ್ದ. ಬೇಸಿಗೆಯಲ್ಲಿ ಅರ್ಧ ಫೂಟು. ಚಳಿ ಬಿತ್ತೆಂದರೆ ಐದು, ಆರು.

ಅದನ್ನು ನೋಡಿ ದವಾಖಾನೆಯ ನರ್ಸು ಹಬೀಬಾ ನಗಲಿಲ್ಲ. "ಥಂಡಿ ದಿನದಾಗ ಹುಣ್ಣಿನವ್ರು ನಮ್ಮಲ್ಲೂ ಜಾಸ್ತಿ ಬರ್ತಾರ್ರಿ ಅಣ್ಣಾ. ಹೊಟ್ಟ್ಯಾಗ ಕಣ್ಣಿಗಿ ಕಾಣದ ಕ್ರಿಮಿ ಮನಿ ಮಾಡ್ಯಾವ. ಸಂಡಾಸು ಡಾಂಬರಿನಂಗ ಕರ್ರಗಾತಂದ್ರ ಒಳಗ ರಕ್ತ ಸೋರಾಕತ್ತದ ಅಂತ ತಿಳೀರಿ. ಅವತ್ತೇ ಕಲಬುರಗಿ ದೊಡ್ಡ ದವಾಖಾನಿಗಿ ಓಡ್ರಿ."

ಈ ಮಾತನ್ನು ಸಾಬಣ್ಣ ಕಚೇರಿಯಲ್ಲಿ ಹೇಳಿದ್ದೇ ತಪ್ಪಾಯಿತು. ಟೈಪಿಸ್ಟು ನೀಲಕಂಠ ಕೇಳಿಸಿಕೊಂಡ. ಅವನ ಗಂಟಲಲ್ಲಿ ಇಡೀ ತಾಲೂಕು ಬಾಡಿಗೆಗಿತ್ತು: ಇಂಜಿನಿಯರ್ ಸಾಹೇಬರ ಕೆಮ್ಮು, ಕಂಡಕ್ಟರನ ಸೀಟಿ, ಹಬೀಬಾಳ ಗದರಿಕೆ. ಅವನ ಸ್ವಂತ ದನಿ ಯಾವುದೆಂದು ಹೆಂಡತಿಗೂ ಖಾತ್ರಿ ಇರಲಿಲ್ಲ.

ಡಿಸೆಂಬರಿನ ಒಂದು ಮುಂಜಾನೆ ಸಾಬಣ್ಣ ಸುಣ್ಣದ ಗೋಡೆಯಂತೆ ಬಿಳುಚಿಕೊಂಡು ಬಂದ. "ಕರ್ರಗಾಗ್ಯಾದಲೇ ನೀಲ್ಯಾ! ಡಾಂಬರ್ ಅಂದ್ರ ಡಾಂಬರ್!"

"ಗಂಟಲದಾಗ ಮೊಳದುದ್ದ ಪೈಪು ಇಳಸ್ತಾರ. ನಮ್ಮ ಷಡ್ಡಕ ಡಾಕ್ಟರನ ಬೆರಳೇ ಕಚ್ಚಿದ್ದ," ಎಂದು ಗುಮಾಸ್ತ ಹಂಪಣ್ಣ ಧೈರ್ಯ ಹೇಳಿದ.

ನೀಲಕಂಠ ಹಬೀಬಾಳ ದನಿ ತೆಗೆದ: "ಹೋಗೂಮುಂದ ಮಕ್ಕಳ ಮಾರಿ ನೋಡಿ ಹೋಗ್ರಿ ಅಣ್ಣಾ."

ರಜಿಸ್ಟರು ಎದೆಗವಚಿಕೊಂಡು ಸಾಬಣ್ಣ ಬಸ್ ಸ್ಟ್ಯಾಂಡಿಗೆ ಹೊರಟ. ಕಳಿಸಲು ಕಚೇರಿಗೆ ಕಚೇರಿಯೇ ಹಿಂದೆ ಬಂತು. ಅವನು ಕಲಬುರಗಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ನೀಲಕಂಠನಿಗೆ ನಗೆ ತಡೆಯಲಾಗಲಿಲ್ಲ.

"ಇಳೀಲೇ! ಅದು ನಿನ್ನ ರಕ್ತ ಅಲ್ಲ, ನನ್ನ ಗುಳಿಗಿ! ಕಬ್ಬಿಣದ ಗುಳಿಗಿ ತಿಂದ್ರ ಯಾರಿಗಾದ್ರೂ ಕರ್ರಗ ಆಗ್ತದ. ಮೂರು ದಿನದಿಂದ ಭಾಗಮ್ಮನ ಕೈಲಿ ನಿನ್ನ ಮಜ್ಜಿಗ್ಯಾಗ ಪುಡಿ ಮಾಡಿ ಹಾಕಿಸೇನಿ!"

ಭಾಗಮ್ಮ ಕಚೇರಿಯಲ್ಲಿ ಎಲ್ಲರಿಗೂ ಚಹಾ, ಸಾಬಣ್ಣನಿಗೆ ಮಜ್ಜಿಗೆ ಮಾಡಿಕೊಡುವಾಕೆ.

ಸಾಬಣ್ಣ ಗಕ್ಕನೆ ಕಾಲು ಕೆಳಗಿಟ್ಟ. ಪೈಪು ತಪ್ಪಿತು, ಪ್ರಾಣ ಉಳಿಯಿತು. ಬಸ್ಸು ಹೋಯಿತು. ನಾಲ್ಕು ವರ್ಷದಿಂದ ಮೂಗಿನಿಂದಷ್ಟೇ ಸವಿದಿದ್ದ ಮಿರ್ಚಿ ಭಜಿಯ ಬಂಡಿಗೆ ನೇರ ನಡೆದ.

ಆಗ ಭಾಗಮ್ಮ ಏದುಸಿರು ಬಿಡುತ್ತ ಬಂದು ನೀಲಕಂಠನನ್ನು ಪಕ್ಕಕ್ಕೆ ಕರೆದಳು. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಆ ಗುಳಿಗಿ ನಾ ಹಾಕೇ ಇಲ್ರಿ. ಸೊಸಿ ಬಸುರಿ ಅದಾಳ, ರಕ್ತ ಕಮ್ಮಿ ಅಂದಿದ್ರು. ಅಕಿಗೇ ಕೊಟ್ಟೀನ್ರಿ."

ನೀಲಕಂಠನ ಮುಖದ ನಗೆ ಆರಿತು. ಓಡಿಹೋಗಿ ಸಾಬಣ್ಣನ ಕೈಹಿಡಿದ. "ಸಾಬಣ್ಣ, ಖರೇ ಹೇಳ್ತೀನೋ, ಅದು ರಕ್ತನ! ಭಾಗಮ್ಮ ಏನೂ ಹಾಕಿಲ್ಲಂತ! ಮುಂದಿನ ಬಸ್ಸಿಗಿ ಹತ್ತೋ, ಕಾಲಿಗಿ ಬೀಳ್ತೀನಿ!"

ದನಿ ನಡುಗುತ್ತಿತ್ತು. ಅದು ಅವನದೇ ದನಿ, ಯಾರೂ ಕೇಳಿದ್ದಿಲ್ಲ.

"ವಾಹ್! ಇದು ಯಾರ ದನಿಲೇ?" ಹಂಪಣ್ಣ ಚಪ್ಪಾಳೆ ತಟ್ಟಿದ.

"ಖರೇರಿ ಅಣ್ಣಾ," ಎಂದು ಭಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡ್ರಿ, ಅಕಿಗೂ ಅಳಾದು ಕಲಿಸ್ಯಾನ!" ಸಾಬಣ್ಣ ಎಣ್ಣೆಗೈಯಲ್ಲೇ ರಜಿಸ್ಟರು ಬಿಚ್ಚಿ, ಅಂಚಿನಲ್ಲಿ ಅಂದಿನ ಮಟ್ಟ 'ಸೊನ್ನೆ' ಎಂದು ಬರೆದ. ಎರಡನೇ ಮಿರ್ಚಿ ಕಚ್ಚಿದ. ಹಣೆಯ ಮೇಲೆ ತಣ್ಣನೆಯ ಬೆವರು ಮೂಡಿತ್ತು. ಬಂಡಿಯ ಸುತ್ತ ನೀಲಕಂಠ, ಭಾಗಮ್ಮ ಬಿಟ್ಟು ಎಲ್ಲರೂ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ, ಸಾಬಣ್ಣ.